ಹಳದಿ ಚೀಟಿಯ ಕೋಟು

ಹಳೇ ಬಟ್ಟೆ ಕೊಳ್ಳುವುದು ಹುಡುಗಾಟವಲ್ಲ. ಹೊಸ ಬಟ್ಟೆಯನ್ನು ದುಡ್ಡಿದ್ದವರು ಯಾರು ಬೇಕಾದರೂ ಕೊಳ್ಳಬಹುದು, ಅದಕ್ಕೆ ತಲೆ ಬೇಕಾಗಿಲ್ಲ. ಇನ್ನೊಬ್ಬರು ತೊಟ್ಟು ಬಿಟ್ಟದ್ದರಲ್ಲಿ ಇನ್ನೂ ಎಷ್ಟು ಆಯಸ್ಸು ಉಳಿದಿದೆ ಎಂದು ಹೇಳುವುದಕ್ಕೆ ಕಣ್ಣು ಬೇಕು, ಮೂಗು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆ ಬಿಟ್ಟಿರಬೇಕು. ಈ ಮೂರನ್ನೂ ಸಾಧಿಸಿಕೊಂಡ ಹೆಂಗಸೊಬ್ಬಳಿದ್ದಳು. ಬಸ್ ನಿಲ್ದಾಣದ ಹಿಂದಿನ ಹಳೇ ಸಾಮಾನಿನ ಅಂಗಡಿಯಲ್ಲಿ ಅವಳನ್ನು ಎಲ್ಲರೂ ‘ಒಳಮಗ್ಗುಲಕ್ಕ’ ಎನ್ನುತ್ತಿದ್ದರು. ಯಾವ ಬಟ್ಟೆ ಕೈಗೆ ಸಿಕ್ಕರೂ ಅದನ್ನು ಒಳಮಗ್ಗುಲಿಗೆ ತಿರುಗಿಸದೆ ಅವಳು ಮುಂದಿನ ಮಾತಾಡಿದವಳಲ್ಲ.

“ಹೊರಗಡೆಯಿಂದ ಎಲ್ಲರೂ ಚೆನ್ನಾಗೇ ಇರ್ತಾರೆ ಕಣ್ರೀ. ಒಳಗೆ ನೋಡ್ಬೇಕು,” ಎನ್ನುತ್ತಿದ್ದಳು. ಕಂಕುಳನ್ನು ಮೂಸುವಳು. ಮೊಣಕೈ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿಯುವಳು. ಜಿಪ್ಪನ್ನು ಮೂರು ಸಲ ಎಳೆಯುವಳು, ಯಾಕೆಂದರೆ ಮೊದಲ ಸಲ ಎಲ್ಲ ಜಿಪ್ಪೂ ಮರ್ಯಾದೆಯಿಂದಲೇ ನಡೆದುಕೊಳ್ಳುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಬೇಡದ್ದನ್ನು ಹೊತ್ತುಕೊಂಡು ಹೋಗುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. “ಬೇಡದ್ದು ಪುಕ್ಕಟೆ ಸಿಕ್ಕಿದ್ರೂ ದುಬಾರಿನೇ,” ಎಂದು ಅಪರಿಚಿತರಿಗೂ ಬುದ್ಧಿ ಹೇಳಿ ಬೈಸಿಕೊಂಡದ್ದುಂಟು.

ಇಂಥ ಒಳಮಗ್ಗುಲಕ್ಕ ಆ ಚಳಿಗಾಲದ ಹೊಸ್ತಿಲಲ್ಲಿ ಒಂದು ಕೋಟಿನ ಮುಂದೆ ನಿಂತು ಪೆಚ್ಚಾದ ಕತೆ ಇದು.

ಕೋಟು ಕಡುನೀಲಿ, ದಪ್ಪ ಉಣ್ಣೆಯದು. ಮುಟ್ಟಿದ ಕೂಡಲೇ ಗೊತ್ತಾಯಿತು, ಇದು ಹತ್ತು ವರ್ಷ ಬಾಳಿದೆ, ಇನ್ನೂ ಹತ್ತು ವರ್ಷ ಬಾಳುತ್ತದೆ. ಅವಳಿಗೆ ಕೋಟು ಬೇಕೇಬೇಕಾಗಿತ್ತು. ಬೇಕರಿಯ ಕೌಂಟರಿನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು, ನಸುಕಿನ ಮೊದಲ ಬಸ್ಸು ಹಿಡಿಯಬೇಕು, ಇದ್ದ ಸ್ವೆಟರಿನೊಳಗೆ ಗಾಳಿ ನೆಂಟರ ಮನೆಗೆ ಬಂದಂತೆ ಬಂದು ಹೋಗುತ್ತಿತ್ತು. ಆದರೆ ತಿರುಗಿಸಿ ನೋಡಿದರೆ ಮೂರು ದೋಷ. ಮೇಲಿನಿಂದ ಮೂರನೇ ಗುಂಡಿ ಇಲ್ಲ. ಬಲ ಕಂಕುಳಿನ ಕೆಳಗೆ ಲೈನಿಂಗ್ ಒಂದು ಗೇಣು ಹರಿದಿದೆ. ಎಡ ಜೇಬು ತೂತು.

ಹಿಂದಿನ ಕಾಲವಾಗಿದ್ದರೆ ಇಂಥ ದೋಷ ಕಂಡಷ್ಟೂ ಅವಳಿಗೆ ಖುಷಿ. ಬೇರೆಯವರು ಹರಿದಿದೆಯೆಂದು ಕೈಬಿಟ್ಟದ್ದನ್ನು ಎತ್ತಿಕೊಂಡು ಮನೆಗೆ ಹೋಗುವಳು, ಗಂಡನ ತೊಡೆಯ ಮೇಲೆ ಹಾಕುವಳು, ಊಟದ ಹೊತ್ತಿಗೆ ಅದು ಹೊಸದಾಗಿರುತ್ತಿತ್ತು. ಗಂಡ ದರ್ಜಿ. ಮೂವತ್ತು ವರ್ಷ ಹೊಲಿದವನು. ಅವನು ಹಾಕಿದ ತೇಪೆಯನ್ನು ಹುಡುಕಬೇಕಾದರೆ ಅವನನ್ನೇ ಕೇಳಬೇಕಾಗಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಅವನ ಬಲಭಾಗ ಇದ್ದಕ್ಕಿದ್ದಂತೆ ಮಾತು ಕೇಳದೆ ಹೋಯಿತು. ಆಸ್ಪತ್ರೆ, ಮಾತ್ರೆ, ಕಸರತ್ತು ಎಲ್ಲ ಮುಗಿದ ಮೇಲೆ ಕಾಲು ಸರಿಹೋಯಿತು, ನಾಲಿಗೆ ಸರಿಹೋಯಿತು, ಬಲಗೈಯಲ್ಲಿ ಮಾತ್ರ ನಡುಕ ಉಳಿಯಿತು. ಆದರೂ ಹಟ ಹಿಡಿದು ಒಬ್ಬ ಗಿರಾಕಿಯ ಪ್ಯಾಂಟಿನ ಬಟ್ಟೆಗೆ ಕತ್ತರಿ ಹಾಕಿದ. ಕತ್ತರಿ ತನ್ನ ಪಾಡಿಗೆ ತಾನು ಹೋಯಿತು. ಗಿರಾಕಿ ಒಳ್ಳೆಯವನು, ಒಂದು ಮಾತೂ ಆಡದೆ ಹೋದ. ಅದೇ ದರ್ಜಿಗೆ ಬೈಗುಳಕ್ಕಿಂತ ಹೆಚ್ಚಾಯಿತು. ಆವತ್ತೇ ಹೊಲಿಗೆ ಯಂತ್ರಕ್ಕೆ ಹಾಸಿಗೆಯ ದುಪ್ಪಟಿ ಹೊದಿಸಿದ, ಸೂಜಿ ದಾರ ಗುಂಡಿಗಳ ಡಬ್ಬಿಯನ್ನು ಅಟ್ಟಕ್ಕೆ ಹಾಕಿಸಿದ. ಡಾಕ್ಟರು ನಡೆಯಲು ಹೇಳಿದ್ದಾರೆಂದು ಬೆಳಿಗ್ಗೆ ಒಂದು ಸುತ್ತು ಹೋಗಿಬರುವನು, ಉಳಿದಂತೆ ಕಿಟಕಿಯ ಪಕ್ಕ ಕೂತಿರುವನು.

ಒಳಮಗ್ಗುಲಕ್ಕನೂ ಅವತ್ತಿನಿಂದ ತನ್ನ ಪದ್ಧತಿ ಬದಲಾಯಿಸಿದಳು. ಹರಿದದ್ದನ್ನು ತರುವುದೇ ಬಿಟ್ಟಳು. ಒಂದು ಎಳೆ ದಾರ ಜೋತುಬಿದ್ದಿದ್ದರೂ ಅದನ್ನು ಅಲ್ಲೇ ಬಿಟ್ಟು ಬರುವಳು. ಅವನ ಷರ್ಟಿನ ಗುಂಡಿ ಒಮ್ಮೆ ಕಿತ್ತುಬಂದಾಗ, ಅವನ ಕಣ್ಣಿಗೆ ಬೀಳುವ ಮೊದಲೇ ಷರ್ಟನ್ನೇ ಮಾಯ ಮಾಡಿ ಬೇರೆ ತಂದಿಟ್ಟಳು. ಪಾಪ, ಗಾಯದ ಮೇಲೆ ಬರೆ ಎಳೆಯಬಾರದು ಎಂಬುದು ಅವಳ ಲೆಕ್ಕ. ಸೂಜಿ ಎಂಬ ಶಬ್ದವೇ ಆ ಮನೆಯಲ್ಲಿ ಸತ್ತುಹೋಗಿತ್ತು.

ಹಾಗಾಗಿ ನೀಲಿ ಕೋಟನ್ನು ಹ್ಯಾಂಗರಿಗೆ ಹಾಕಿ ಹೊರಟವಳು, ಬಾಗಿಲವರೆಗೆ ಹೋಗಿ ವಾಪಸು ಬಂದಳು. ಚೀಟಿ ನೋಡಿದಳು. ಹಳದಿ.

ಈ ಚೀಟಿಯ ವಿಷಯ ಹೇಳಲೇಬೇಕು. ಆ ಅಂಗಡಿಯಲ್ಲಿ ಪ್ರತಿ ವಸ್ತುವಿಗೂ ಒಂದು ಬಣ್ಣದ ಚೀಟಿ, ಪ್ರತಿ ಸೋಮವಾರ ಒಂದು ಬಣ್ಣಕ್ಕೆ ಅರ್ಧ ಬೆಲೆ. ತಿಳಿದವರು ತಮ್ಮ ಬಣ್ಣದ ಸರದಿ ಬರುವವರೆಗೆ ಕಾಯುತ್ತಾರೆ. ಇನ್ನೂ ತಿಳಿದವರು ಕಾಯುವುದಷ್ಟೇ ಅಲ್ಲ, ಬೇಕಾದ್ದನ್ನು ಅಂಗಡಿಯೊಳಗೇ ಯಾರಿಗೂ ಕಾಣದ ಕಡೆ ಬಚ್ಚಿಟ್ಟು ಹೋಗುತ್ತಾರೆ. ಚೀಟಿ ಅಂಟಿಸುವ ಹೆಂಗಸು, ಅವಳನ್ನು ಚೀಟಿಯಮ್ಮ ಎನ್ನುತ್ತಿದ್ದರು, ಇದನ್ನೆಲ್ಲ ಕಂಡೂ ಕಾಣದ ಹಾಗೆ ಇರುತ್ತಿದ್ದಳು. ಹಳದಿಯ ಸರದಿಗೆ ಇನ್ನೂ ಮೂರು ವಾರ ಇತ್ತು. ಒಳಮಗ್ಗುಲಕ್ಕ ಕೋಟನ್ನು ಹಿಂದಿನ ಸಾಲಿನ ದೊಡ್ಡ ಅಳತೆಯ ಗಂಡಸರ ಮಳೆಕೋಟುಗಳ ನಡುವೆ ತೂರಿಸಿ, ಏನೂ ಅರಿಯದವಳ ಹಾಗೆ ಹೊರಗೆ ಬಂದಳು.

ಸಂಜೆ ಊಟಕ್ಕೆ ಕೂತಾಗ ಬಾಯಿ ಸುಮ್ಮನಿರಬೇಕಲ್ಲ!

“ಎಂಥ ಕೋಟು ಅಂತೀರಿ! ಗಾಳಿ ಒಳಗೆ ಬರಬೇಕಾದ್ರೆ ಅರ್ಜಿ ಹಾಕ್ಬೇಕು. ಒಂದು ಗುಂಡಿ ಇಲ್ಲ, ಲೈನಿಂಗ್ ಹರಿದಿದೆ, ಒಂದು ಜೇಬು ತೂತು. ಮುಂಚೆ ಆಗಿದ್ರೆ ಎರಡನೇ ಯೋಚನೆ ಮಾಡ್ತಾನೇ ಇರ್ಲಿಲ್ಲ ನಾನು...” ಎಂದವಳು ನಾಲಿಗೆ ಕಚ್ಚಿಕೊಂಡಳು.

ದರ್ಜಿ ತಟ್ಟೆಯಿಂದ ತಲೆ ಎತ್ತಲಿಲ್ಲ. “ಎಲ್ಲಿ ಬಚ್ಚಿಟ್ಟಿದ್ದೀಯ?” ಎಂದು ಕೇಳಿದ.

“ಮಳೆಕೋಟುಗಳ ಮಧ್ಯ. ಆನೆ ಅಳತೆಯವು, ಯಾರೂ ಮುಟ್ಟಲ್ಲ,” ಎಂದಳು ಹೆಮ್ಮೆಯಿಂದ.

ನಾಲ್ಕು ದಿನ ಬಿಟ್ಟು ಬೇಕರಿಯ ಪಾಳಿ ಮುಗಿಸಿ ಅಂಗಡಿಗೆ ಹೋದಳು. ಕೋಟು ಇಟ್ಟಲ್ಲೇ ಇತ್ತು. ಸಮಾಧಾನವಾಗಿ ಕೈಯಾಡಿಸಿದರೆ ಮೇಲಿನಿಂದ ಮೂರನೇ ಗುಂಡಿ ಕೈಗೆ ಸಿಕ್ಕಿತು.

ಇಲ್ಲದ ಗುಂಡಿ ಎಲ್ಲಿಂದ ಬಂತು? ಬೇರೆ ಕೋಟಿರಬೇಕೆಂದು ಜೇಬಿಗೆ ಕೈ ಹಾಕಿದಳು, ಬೆರಳು ತೂತಿನಿಂದ ಆಚೆ ಬಂತು. ಅದೇ ಕೋಟು. ಗುಂಡಿ ನೀಲಿಯದೇ, ಉಳಿದವಕ್ಕಿಂತ ಒಂದು ಎಳೆ ದೊಡ್ಡದು. ಕೆಳಗೆ ದಾರ ಸುತ್ತಿದ್ದು ಗಂಟುಗಂಟಾಗಿತ್ತು. ಅಂಗಡಿಯವರೇ ಹಾಕಿಸಿದ್ದರೆ ಬೆಲೆ ಏರಿಸಿರುತ್ತಾರೆ. ಚೀಟಿ ನೋಡಿದಳು: ಅದೇ ಹಳದಿ, ಅದೇ ಬೆಲೆ. ಅವಳ ಮೈಗೆ ಹೊಂದುವುದನ್ನೆಲ್ಲ ಅವಳಿಗಿಂತ ಒಂದು ಗಳಿಗೆ ಮುಂಚೆ ಎತ್ತಿಕೊಳ್ಳುವ ಮುತ್ತಿನ ಸರದವಳೊಬ್ಬಳು ಬರುತ್ತಿದ್ದಳು. ಅವಳದೇ ಕೆಲಸವೇ? ಆದರೆ ಕೊಳ್ಳುವ ಮೊದಲೇ ಗುಂಡಿ ಹಾಕುವ ದಡ್ಡಿ ಯಾವಳು?

“ಚೀಟಿಯಮ್ಮಾ, ಇಲ್ಲಿ ಬಟ್ಟೆ ರಿಪೇರಿ ಮಾಡೋದು ಯಾವಾಗಿಂದ ಶುರುವಾಯ್ತು?”

“ರಿಪೇರಿನಾ? ಇಸ್ತ್ರಿ ಮಾಡೋಕೇ ಇಲ್ಲಿ ಜನ ಇಲ್ಲ,” ಎಂದ ಚೀಟಿಯಮ್ಮ ತಟ್ಟನೆ ತಿರುಗಿ, ಆಗಲೇ ಚೀಟಿಯಿದ್ದ ಕುರ್ಚಿಗೆ ಇನ್ನೊಂದು ಚೀಟಿ ಅಂಟಿಸತೊಡಗಿದಳು.

ಒಳಮಗ್ಗುಲಕ್ಕ ಕೋಟಿನ ಜಾಗ ಬದಲಾಯಿಸಿದಳು. ಈ ಸಲ ಹಳೇ ಪರದೆಗಳ ರಾಶಿಯ ಕೆಳಗೆ. ಮನೆಗೆ ಬಂದು ಅದನ್ನೂ ಹೇಳಿದಳು.

“ಯಾರೋ ಗುಂಡಿ ಹಾಕಿದ್ದಾರೆ ಕಣ್ರೀ! ತಲೆಬುಡ ತಿಳೀತಾ ಇಲ್ಲ. ಅದಕ್ಕೇ ಪರದೆಗಳ ಕೆಳಗೆ ತಳ್ಳಿ ಬಂದೆ. ಈಗ ಹುಡುಕಲಿ ನೋಡೋಣ.”

“ಪರದೆಗಳ ಕೆಳಗೆ,” ಎಂದ ದರ್ಜಿ, ಪಾಠ ಒಪ್ಪಿಸುವವನ ಹಾಗೆ.

ಅದೇ ಸಂಜೆ ಅಡುಗೆಮನೆಯ ಸ್ಟೂಲು ಆ ವಾರದಲ್ಲಿ ಎರಡನೇ ಸಲ ಅಟ್ಟದ ಕೆಳಗೆ ನಿಂತಿತ್ತು. “ಇದು ಯಾಕಿಲ್ಲಿ ಬಂತು?” ಎಂದು ಕೇಳಿದಳು. “ಜೇಡರಬಲೆ ಇತ್ತು,” ಎಂದ ಅವನು. ಹತ್ತಿ ಬಿದ್ದರೆ ಏನು ಗತಿ ಎಂದು ಅವಳು ಕಾಲು ಗಂಟೆ ಬೈದಳು, ಸ್ಟೂಲನ್ನು ಸ್ವಸ್ಥಾನಕ್ಕೆ ಎಳೆದಳು, ಅಷ್ಟಕ್ಕೇ ಮರೆತಳು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಮುಂದಿನ ವಾರ ಹೋದಾಗ ಪರದೆಗಳ ಕೆಳಗೆ ಕೋಟು ನೀಟಾಗಿ ಮಡಚಿಕೊಂಡು ಮಲಗಿತ್ತು. ಅವಳು ಮಡಚಿರಲಿಲ್ಲ, ತುರುಕಿ ಬಂದಿದ್ದಳು. ಒಳಮಗ್ಗುಲಿಗೆ ತಿರುಗಿಸಿದಳು. ಹರಿದ ಲೈನಿಂಗ್ ಕೂಡಿಕೊಂಡಿತ್ತು! ಆದರೆ ಎಂಥ ಹೊಲಿಗೆ! ಒಂದು ಉದ್ದ, ಒಂದು ಗಿಡ್ಡ, ಒಂದು ಮೇಲೆ, ಒಂದು ಕೆಳಗೆ, ನಡುವೆ ಬಟ್ಟೆ ಸುಕ್ಕುಗಟ್ಟಿತ್ತು. ಮೂವತ್ತು ವರ್ಷ ಒಳ್ಳೆಯ ಹೊಲಿಗೆ ನೋಡಿದ ಕಣ್ಣಿಗೆ ಅದು ಹಿಂಸೆ. ಯಾರೋ ಒಬ್ಬರು ಪ್ರತಿ ವಾರ ಬಂದು ತಮ್ಮದಲ್ಲದ ಕೋಟನ್ನು, ಅದೂ ಇಷ್ಟು ಕೆಟ್ಟದಾಗಿ, ರಿಪೇರಿ ಮಾಡಿ ಹೋಗುತ್ತಿದ್ದಾರೆ. ಇದಕ್ಕೆ ಹುಚ್ಚು ಅನ್ನಬೇಕೋ ಪುಣ್ಯ ಅನ್ನಬೇಕೋ? ಅವಳಿಗೆ ತಲೆ ಚಿಟ್ಟು ಹಿಡಿಯಿತು. ಚೀಟಿಯಮ್ಮನ ಕಡೆ ನೋಡಿದಳು; ಚೀಟಿಯಮ್ಮ ಸೂರು ನೋಡುತ್ತಿದ್ದಳು. ಕೋಟನ್ನು ಮಕ್ಕಳ ಬಟ್ಟೆಯ ಸಾಲಿನ ಕೊನೆಗೆ, ಗೋಡೆಯ ಕಡೆಗೆ ನೇತುಹಾಕಿ ಹೊರಟಳು.

ಆ ಸಂಜೆ ಅವಳ ಬಾಯಿಗೆ ತಡೆಯೇ ಇರಲಿಲ್ಲ.

“ಲೈನಿಂಗ್ ಹೊಲಿದಿದ್ದಾರೆ. ಹೊಲಿಗೆನಾ ಅದು! ಇರುವೆಗಳು ಕುಡಿದು ಸಾಲು ಹೊರಟ ಹಾಗಿದೆ. ಹರಿದೇ ಇದ್ದಿದ್ರೆ ಮರ್ಯಾದೆಯಾಗಿ ಇರ್ತಿತ್ತು. ಬರದೇ ಇದ್ದವರು ಯಾಕ್ರೀ ಕೈ ಹಾಕ್ಬೇಕು?”

ದರ್ಜಿ ನೀರಿನ ಲೋಟ ಎತ್ತಿದವನು ಕೆಳಗಿಟ್ಟ. ಲೋಟ ತಟ್ಟೆಯ ಅಂಚಿಗೆ ತಗುಲಿ ಸದ್ದಾಯಿತು.

“ಅಷ್ಟು ಕೆಟ್ಟದಾಗಿದೆಯಾ?”

“ಕೆಟ್ಟದಾ? ನೀವು ನೋಡಿದ್ರೆ ಎರಡು ದಿನ ಊಟ ಬಿಡ್ತಿದ್ರಿ.”

ಅವನು ಎದ್ದು ಕೈ ತೊಳೆದ. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿದಿತ್ತು. ಹೋಗಿ ಕಿಟಕಿಯ ಪಕ್ಕ, ದುಪ್ಪಟಿ ಹೊದ್ದ ಯಂತ್ರಕ್ಕೆ ಬೆನ್ನು ಮಾಡಿ ಕೂತ. ಒಳಮಗ್ಗುಲಕ್ಕನಿಗೆ ತನ್ನ ಬಾಯಿಗೆ ತಾನೇ ಬಡಿದುಕೊಳ್ಳಬೇಕೆನಿಸಿತು. ಹೊಲಿಗೆಯ ಮಾತು ಅವನ ಮುಂದೆ ಯಾಕೆ ತೆಗೆದೆ? ಕೈಲಾಗದವನ ಮುಂದೆ ಕೈಕೆಲಸದ ವಿಚಾರಣೆ! ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಇನ್ನು ಕೋಟಿನ ಸುದ್ದಿಯೇ ಎತ್ತಬಾರದೆಂದು ತೀರ್ಮಾನಿಸಿ ಪಾತ್ರೆ ತೊಳೆದಳು.

ನಾಲ್ಕನೇ ದಿನಕ್ಕೆ ಚಳಿ ಜೋರಾಯಿತು. ಬಸ್ಸಿನಲ್ಲಿ ಹಲ್ಲು ಕಟಕಟ ಕಡಿಯುತ್ತಾ ಹೋದವಳು, ಪಾಳಿ ಮುಗಿಸಿ ನೇರ ಅಂಗಡಿಗೆ ಬಂದಳು. ಮಕ್ಕಳ ಸಾಲಿನ ಕೊನೆಗೆ ಕೈ ಹಾಕಿ ಕೋಟು ಎಳೆದು, ಬೈಯಲಿಕ್ಕೆಂದೇ ತಿರುಗಿಸಿದಳು.

ಹೊಲಿಗೆ ಇರಲಿಲ್ಲ. ಅಂದರೆ ಆ ಹೊಲಿಗೆ ಇರಲಿಲ್ಲ. ಯಾರೋ ಕುಡಿದ ಇರುವೆಗಳನ್ನೆಲ್ಲ ಬಿಚ್ಚಿ ತೆಗೆದಿದ್ದರು. ಹಳೇ ಸೂಜಿಯ ತೂತುಗಳ ಗುರುತು ಸಣ್ಣಗೆ ಉಳಿದಿತ್ತು, ಅದರ ಪಕ್ಕದಲ್ಲಿ ಹೊಸ ಹೊಲಿಗೆ. ಮೊದಲ ಅರ್ಧ ಇನ್ನೂ ಸ್ವಲ್ಪ ತಡವರಿಸುತ್ತಿತ್ತು. ಕೊನೆಯ ಅರ್ಧ ಒಂದರ ಹಿಂದೆ ಒಂದು, ಅಕ್ಕಿಕಾಳಿನಷ್ಟು, ಎಲ್ಲ ಒಂದೇ ಅಳತೆ. ಮುಗಿದ ಕಡೆ ಗಂಟಿಲ್ಲ. ಎರಡು ಪುಟ್ಟ ಅಡ್ಡ ಹೊಲಿಗೆ, ಆಮೇಲೆ ದಾರದ ತುದಿ ಬಟ್ಟೆಯ ಪದರದೊಳಗೆ ಹೋಗಿ ಮಾಯ.

ಅವಳು ಅಲ್ಲೇ ನಿಂತಳು. ಯಾರಿಗೆ ಗೊತ್ತಾಯಿತು ಹೊಲಿಗೆ ಕೆಟ್ಟದಾಗಿದೆಯೆಂದು? ಅಂಗಡಿಯಲ್ಲಿ ಅವಳು ಬಾಯಿ ಬಿಟ್ಟಿರಲಿಲ್ಲ. ಬೇಕರಿಯಲ್ಲಿ ಹೇಳಿರಲಿಲ್ಲ. ಹೇಳಿದ್ದು ಒಂದೇ ಕಡೆ. ಮಳೆಕೋಟುಗಳ ಸುದ್ದಿ, ಪರದೆಗಳ ಸುದ್ದಿ, ಎಲ್ಲ ಒಂದೇ ಕಡೆ. ಮಕ್ಕಳ ಸಾಲಿನ ಸುದ್ದಿ ಹೇಳಿರಲಿಲ್ಲ, ನಿಜ, ಅದನ್ನು ಹುಡುಕಿಕೊಂಡಿದ್ದಾನೆ. ಅಡ್ಡ ಹೊಲಿಗೆ ಹಾಕಿ ದಾರದ ತುದಿಯನ್ನು ಪದರದೊಳಗೆ ಅಡಗಿಸುವ ಆ ಕೈಯನ್ನು ಅವಳು ಮೂವತ್ತು ವರ್ಷ ತನ್ನ ರವಿಕೆಗಳಲ್ಲಿ, ತನ್ನ ಹೊದಿಕೆಗಳಲ್ಲಿ ಕಂಡಿದ್ದಳು.

ಮಾರಾಟಕ್ಕಿಟ್ಟಿದ್ದ ಕುರ್ಚಿಯೊಂದರ ಮೇಲೆ ಕುಸಿದು ಕೂತಳು. ಕಾಲು ಅಲುಗಾಡುವ ಕುರ್ಚಿ, ಬೇರೆ ದಿನವಾಗಿದ್ದರೆ ಅದನ್ನು ಮೊದಲು ಅಲ್ಲಾಡಿಸಿ ನೋಡದೆ ಕೂರುತ್ತಿರಲಿಲ್ಲ.

ಚೀಟಿಯಮ್ಮ ಹತ್ತಿರ ಬಂದಳು. “ಗೊತ್ತಾಯ್ತಾ? ನಾನು ಹೇಳಲ್ಲ ಅಂತ ಮಾತು ಕೊಟ್ಟಿದ್ದೆ ಅಕ್ಕಾ. ನಾನಂತೂ ಹೇಳಿಲ್ಲ.”

“ಯಾವಾಗ ಬರ್ತಾರೆ?”

“ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ. ಬಟ್ಟೆ ಹಾಕಿ ನೋಡೋ ಆ ಪುಟ್ಟ ಕೋಣೆಯೊಳಗೆ ಪರದೆ ಎಳ್ಕೊಂಡು ಕೂತ್ಕೋತಾರೆ. ಮೊದಲನೇ ದಿನ ಒಂದು ಗಂಟೆ ಕೂತಿದ್ದು, ದಾರ ಪೋಣಿಸೋಕಾಗದೆ ಹಾಗೇ ಎದ್ದು ಹೋದ್ರು. ಮಾರನೇ ದಿನ ನನ್ನ ಕೈಲೇ ದಾರ ಹಾಕಿಸ್ಕೊಂಡ್ರು. ಒಂದು ಗುಂಡಿಗೆ ಪೂರ್ತಿ ಬೆಳಿಗ್ಗೆ ಹಿಡೀತು ಅಕ್ಕಾ. ಬೆವರು ಒರೆಸ್ಕೊಳ್ಳೋದು, ಹೊಲಿಯೋದು.” ಚೀಟಿಯಮ್ಮ ದನಿ ತಗ್ಗಿಸಿದಳು. “ಮನೇಲೇ ಮಾಡಬಾರದಾ ಅಂತ ನಾನೂ ಕೇಳ್ದೆ. ಇಲ್ಲಿ ಕೆಟ್ಟರೆ ಹಳೇ ಕೋಟು ತಾನೆ, ಮನೇಲಿ ಕೆಟ್ಟರೆ ಅವಳು ನೋಡ್ತಾಳೆ ಅಂದ್ರು. ಆಮೇಲೆ ಇನ್ನೊಂದು ಮಾತು ಅಂದ್ರು...”

“ಏನದು?”

“ಈಗ ಅವಳು ಹರಿದದ್ದು ಒಂದೂ ಮನೆಗೆ ತರಲ್ಲ, ಅಂದ್ರು.”

ಒಳಮಗ್ಗುಲಕ್ಕನಿಗೆ ಅಳು ಒತ್ತರಿಸಿ ಬಂತು. ಒಂದು ವರ್ಷ! ಒಂದು ವರ್ಷ ಅವಳು ಆರಿಸಿ ಆರಿಸಿ, ಬೆಳಕಿಗೆ ಹಿಡಿದು ಹಿಡಿದು, ಒಂದು ಎಳೆಯೂ ಬಿಡದಂಥ ಗಟ್ಟಿ ಬಟ್ಟೆಗಳನ್ನು ಅವನ ಮುಂದೆ ತಂದಿಟ್ಟಿದ್ದಳು. ಪ್ರತಿಯೊಂದು ಅವನಿಗೆ ಹೇಳಿದ್ದು ಒಂದೇ: ನಿನ್ನಿಂದ ಇನ್ನು ಆಗಬೇಕಾದ್ದೇನಿಲ್ಲ. ಊರಿನ ಬಟ್ಟೆಯನ್ನೆಲ್ಲ ಒಳಮಗ್ಗುಲಿಗೆ ತಿರುಗಿಸಿ ನೋಡುವವಳು, ಮನೆಯಲ್ಲಿದ್ದ ಒಬ್ಬನನ್ನು ತಿರುಗಿಸಿ ನೋಡಲಿಲ್ಲವಲ್ಲ! ಅದರ ಮೇಲೆ, ಬರದೇ ಇದ್ದವರು ಯಾಕೆ ಕೈ ಹಾಕಬೇಕು ಎಂದು ಊಟದ ಮುಂದೆ ಕೇಳಿದಳಲ್ಲ! ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಆ ಸಿಟ್ಟು ಅರ್ಧ ತನ್ನ ಮೇಲೆ, ಅರ್ಧ ಅವನ ಮೇಲೆ. ಹೇಳಬಾರದಿತ್ತೇ ಆ ಮನುಷ್ಯ?

“ತಗೊಂಡು ಹೋಗ್ತೀಯಾ?” ಎಂದಳು ಚೀಟಿಯಮ್ಮ. “ಹಳದಿ ಸರದಿ ಈ ಸೋಮವಾರ. ಇವತ್ತೇ ಬೇಕಾದ್ರೂ ಅರ್ಧಕ್ಕೆ ಕೊಡ್ತೀನಿ, ಯಾರಿಗೂ ಹೇಳ್ಬೇಡ.”

ಅವಳು ಕೋಟಿನ ಎಡ ಜೇಬಿಗೆ ಕೈ ಹಾಕಿದಳು. ಬೆರಳು ಆಚೆ ಬಂತು. ಜೇಬು ಇನ್ನೂ ಹಾಗೇ ಇತ್ತು. “ಬೇಡ,” ಎಂದು ಕೋಟನ್ನು ಇದ್ದ ಜಾಗಕ್ಕೇ ನೇತುಹಾಕಿದಳು.

ದಾರಿಯುದ್ದಕ್ಕೂ ಅವಳಿಗೆ ಒಂದೇ ಗೊಂದಲ. ಗೊತ್ತಾಯಿತೆಂದು ಹೇಳಿಬಿಡಲೇ? ಹೇಳಿದರೆ ಅವನು ಮತ್ತೆ ಕೈ ಮುದುಡಿಕೊಂಡರೆ? ಹೇಳದಿದ್ದರೆ, ಅವನು ಆ ಕತ್ತಲು ಕೋಣೆಯಲ್ಲಿ ಕಳ್ಳನ ಹಾಗೆ ಎಷ್ಟು ದಿನ ಕೂರಬೇಕು? ಒಂದು ನಿಲ್ದಾಣ ಮುಂದೆ ಹೋಗಿ ಇಳಿದಳು, ವಾಪಸು ನಡೆದುಕೊಂಡು ಬಂದಳು. ಆದರೂ ಏನೂ ಹೊಳೆಯಲಿಲ್ಲ.

ಊಟಕ್ಕೆ ಕೂತರು. ಅವನು ತಟ್ಟೆ ನೋಡುತ್ತಾ ತಿನ್ನುತ್ತಿದ್ದ. ಕೋಟಿನ ಮಾತು ಬರುತ್ತದೋ ಇಲ್ಲವೋ ಎಂದು ಅವನ ಕಿವಿ ನಿಮಿರಿದ್ದು ಇವತ್ತು ಅವಳಿಗೆ ಕಂಡಿತು. ಇಷ್ಟು ದಿನ ಯಾಕೆ ಕಾಣಲಿಲ್ಲವೋ!

“ಆ ಕೋಟು ನೋಡ್ದೆ,” ಎಂದಳು, ನೀರು ಬಗ್ಗಿಸುತ್ತಾ. “ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದಾರೆ. ಈಗ ಪರವಾಗಿಲ್ಲ.”

ಅವನು ಅಗಿಯುವುದನ್ನು ನಿಲ್ಲಿಸಿದ.

“ಪರವಾಗಿಲ್ಲ ಏನು, ಚೆನ್ನಾಗೇ ಇದೆ. ಕೊನೆ ಕೊನೆಗಂತೂ ನಾನು ಎಲ್ಲೂ ನೋಡಿಲ್ಲ ಅಂಥದ್ದು.” ಅವಳು ಲೋಟವನ್ನು ಅವನ ಕಡೆ ಸರಿಸಿದಳು. “ಎಡಗಡೆ ಜೇಬೊಂದು ಬಿಟ್ಟಿದ್ದಾರೆ. ಬಸ್ಸಿನ ಚಿಲ್ಲರೆ ಹಾಕಿದ್ರೆ ಸೀದಾ ಕಾಲಿಗೆ ಬೀಳತ್ತೆ. ಆ ಪುಣ್ಯಾತ್ಮನಿಗೆ ಕಾಣ್ಲಿಲ್ವೋ ಏನೋ.”

“ಕಾಣದೆ ಏನು? ಜೇಬಿನ ಕೆಲಸಕ್ಕೆ ಅಲ್ಲಿ ಬೆಳಕು ಸಾಲದು,” ಎಂದ ದರ್ಜಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೂ ಇಲ್ಲ. ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ತಿಳಿಯಿತು. ಕಿವಿಯವರೆಗೆ ಕೆಂಪಾದ. ಬಲಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡ. ಅವಳು ಅವನ ಮುಖ ನೋಡಲಿಲ್ಲ; ನೋಡಿದರೆ ಇಬ್ಬರೂ ಅಳುತ್ತಾರೆಂದು ಗೊತ್ತಿತ್ತು. ಎದ್ದು ಹೋಗಿ, ಸುಮ್ಮನೆ ಸೋರುತ್ತಿದ್ದ ನಲ್ಲಿಯನ್ನು ಬಿಗಿಮಾಡಿದಳು.

“ಹಾಗಾದ್ರೆ ಸೋಮವಾರ ಮನೆಗೇ ತರ್ತೀನಿ,” ಎಂದಳು ನಲ್ಲಿಯ ಕಡೆ ಮುಖ ಮಾಡಿ. “ಕಿಟಕಿ ಹತ್ರ ಬೆಳಕು ಚೆನ್ನಾಗಿದೆ.”

ಅವನ ಕೈ ಮೇಜಿನ ಕೆಳಗಿಂದ ಮೇಲೆ ಬಂತು, ನಡುಗುತ್ತಲೇ ಲೋಟ ಹಿಡಿಯಿತು, ಸ್ವಲ್ಪ ನೀರು ಚೆಲ್ಲಿತು, ಅವನು ಕುಡಿದ.

“ತರೋದು ತರ್ತೀಯ,” ಎಂದ ಆಮೇಲೆ. “ಮಿಕ್ಸಿ ಬಾಕ್ಸುಗಳ ಹಿಂದೆ ಒಂದು ಹಸಿರು ಷರ್ಟು ಇದೆ. ಕಾಲರ್ ಪೂರ್ತಿ ಹೋಗಿದೆ, ಒಂದು ತೋಳು ಹರಿದಿದೆ. ಬಟ್ಟೆ ಮಾತ್ರ ಒಳ್ಳೇದು. ಒಳಮಗ್ಗುಲು ನೋಡಿದ್ದೀನಿ. ಯಾರಾದ್ರೂ ತಗೊಂಡು ಹೋಗ್ತಾರೆ ಅಂತ ನಾನೇ ಬಚ್ಚಿಟ್ಟಿದ್ದೀನಿ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿದಳು.

“ಚೀಟಿ ಯಾವ ಬಣ್ಣ?”